ಜೊಳ್ಳು ತೇಲಲಿ, ಗಟ್ಟಿ ಉಳಿಯಲಿ!

ಬೆಂಗಳೂರಿನ ಕನ್ನಡದ ಹುಡುಗರೇ, ಹುಡುಗಿಯರೇ,

ಮದ್ದೂರು ಅಂದರೆ ನಿಮಗೆ ವಡೆ ನೆನಪಾಗುತ್ತದೆ. ತಪ್ಪೇನಿಲ್ಲ, ತಿನ್ನಿ. ಆದರೆ ಆ ಮದ್ದೂರಿಗೆ ಅಂಟಿಕೊಂಡಂತೆಯೇ ಶಿವಪುರ ಇದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲೇ ನಡೆಯಿತು. ಬಾವುಟ ಹಾರಿಸಕೂಡದು ಎಂದು ಸರ್ಕಾರ ಅಪ್ಪಣೆ ಹೊರಡಿಸಿತ್ತು. ಟಿ. ಸಿದ್ದಲಿಂಗಯ್ಯನವರ ಮುಂದಾಳುತನದಲ್ಲಿ ಜನ ಬಾವುಟ ಹಾರಿಸಲು ಹೊರಟರು, ಜೈಲಿಗೂ ಹೋದರು. ಅದರ ನೆನಪಿಗೆ ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಇದಕ್ಕೆ ಎಂಟು ವರ್ಷ ಮೊದಲು, 1930ರ ಏಪ್ರಿಲ್‌ನಲ್ಲಿ, ನಮ್ಮದೇ ನಾಡಿನ ಅಂಕೋಲೆಯಲ್ಲಿ ಜನ ಕಡಲ ನೀರಿನಿಂದ ಉಪ್ಪು ಮಾಡಿ ಬ್ರಿಟಿಷರ ಕಾನೂನು ಮುರಿದಿದ್ದರು.

ಉಪ್ಪು ಎಂದರೆ ಹೋರಾಟ, ಬಾವುಟ ಎಂದರೆ ಹೋರಾಟ. ಭಾಷಣಕ್ಕೆ ಇಷ್ಟು ಸಾಕು. ಇವತ್ತು ನಾನು ಹೇಳಹೊರಟಿರುವುದು ಉಪ್ಪಿನ ಇನ್ನೊಂದು ಕೆಲಸದ ಬಗ್ಗೆ. ಅದಕ್ಕೆ ಘೋಷಣೆ ಬೇಡ, ಮೆರವಣಿಗೆ ಬೇಡ. ಒಂದು ಬಕೆಟ್ ನೀರು, ಒಂದೂವರೆ ಕಿಲೋ ಉಪ್ಪು, ಒಂದು ಹೊಸ ಕೋಳಿಮೊಟ್ಟೆ ಇದ್ದರೆ ಸಾಕು. ಶಿವಪುರದ ಸುತ್ತ ಭತ್ತ ಬೆಳೆಯುವ ಪ್ರತಿಯೊಂದು ಮನೆಗೂ ಅದು ಬೇಕು. ನಿಮ್ಮಲ್ಲಿ ಎಷ್ಟೋ ಮಂದಿ ಅಂಥ ಮನೆಗಳಿಂದಲೇ ಬಂದವರು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಒಂದು ಬಕೆಟ್‌ನ ಪರೀಕ್ಷೆ

ವಿಷಯ ಇಷ್ಟೇ. ಒಟ್ಲು ಹಾಕುವ ಮೊದಲು ಬಿತ್ತನೆ ಭತ್ತದಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಬೇರ್ಪಡಿಸಬೇಕು. ಮೊರದಲ್ಲಿ ಕೇರಿದರೆ, ಗಾಳಿಗೆ ತೂರಿದರೆ ಪೂರಾ ಜೊಳ್ಳು ಹಾರಿಹೋಗುತ್ತದೆ. ಬರಿಯ ನೀರಿಗೆ ಹಾಕಿದರೂ ಪೂರಾ ಜೊಳ್ಳು ತೇಲುತ್ತದೆ. ಆದರೆ ಅರೆಗಟ್ಟಿ ಕಾಳಿದೆಯಲ್ಲ, ಮೇಲೆ ಹೊಟ್ಟು ನೆಟ್ಟಗಿದ್ದು ಒಳಗೆ ಅಕ್ಕಿ ಅರ್ಧ ಮಾತ್ರ ತುಂಬಿರುವ ಕಾಳು, ಅದು ಮೊರಕ್ಕೂ ಸಿಗುವುದಿಲ್ಲ, ಬರಿಯ ನೀರಿಗೂ ಸಿಗುವುದಿಲ್ಲ. ಗಟ್ಟಿ ಕಾಳಿನ ಜೊತೆ ತಾನೂ ಮುಳುಗಿ ಸಾಚಾ ಬೀಜದಂತೆ ನಟಿಸುತ್ತದೆ.

ಈ ನಾಟಕ ಬಯಲು ಮಾಡುವುದು ಉಪ್ಪುನೀರು.

ಹತ್ತು ಲೀಟರ್ ನೀರಿಗೆ ಒಂದು ಹೊಸ ಮೊಟ್ಟೆ ಬಿಡಿ. ಅದು ತಳಕ್ಕೆ ಹೋಗಿ ಕೂರುತ್ತದೆ. ಈಗ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸುತ್ತಾ ಹೋಗಿ. ಒಂದು ಕಿಲೋ ದಾಟಿದ ಮೇಲೆ ಮೊಟ್ಟೆ ಅಲುಗಾಡುತ್ತದೆ, ನಿಧಾನವಾಗಿ ಮೇಲೇಳುತ್ತದೆ. ಅದರ ತುದಿ ಹಳೆಯ ನಾಲ್ಕಾಣೆ ಬಿಲ್ಲೆಯಷ್ಟು ಅಗಲ ನೀರಿನ ಮೇಲೆ ಕಾಣಿಸಿತೋ, ಉಪ್ಪು ಸಾಕು. ನಾಲ್ಕಾಣೆ ಬಿಲ್ಲೆ 2011ರಲ್ಲೇ ಚಲಾವಣೆಯಿಂದ ಹೋಯಿತು, ನಿಮ್ಮಲ್ಲಿ ಕೆಲವರು ಅದನ್ನು ಕಂಡೇ ಇಲ್ಲ. ಹೆಬ್ಬೆರಳಿನ ಉಗುರಿಗಿಂತ ತುಸು ಅಗಲ ಎಂದುಕೊಳ್ಳಿ.

ಮೊಟ್ಟೆ ತೆಗೆದಿಡಿ. ಬೀಜವನ್ನು ಒಂದೇ ಸಲಕ್ಕೆ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಕೈಯಿಂದ ಚೆನ್ನಾಗಿ ಕಲಕಿ. ಮೇಲೆ ತೇಲಿದ್ದನ್ನು ಜರಡಿಯಲ್ಲಿ ಬಾಚಿ ತೆಗೆಯಿರಿ. ತಳದಲ್ಲಿ ಉಳಿದದ್ದು ಬೀಜ. ಅದನ್ನು ತಡ ಮಾಡದೆ ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ಇದನ್ನು ಮರೆಯಬೇಡಿ! ಕಾಳಿಗೆ ಉಪ್ಪು ಅಂಟಿಕೊಂಡೇ ಉಳಿದರೆ ಮೊಳಕೆಗೆ ಪೆಟ್ಟು. ಆಮೇಲೆ ಎಂದಿನಂತೆ ನೆನೆಹಾಕಿ, ಗೋಣಿಚೀಲದಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ ಒಟ್ಲಿಗೆ ಚೆಲ್ಲುವುದು.

ಉಳಿದ ಉಪ್ಪುನೀರನ್ನು ಒಟ್ಲುಮಡಿಗೆ ಚೆಲ್ಲಿಬಿಟ್ಟೀರಿ, ಜೋಕೆ! ನಾಲೆಯ ಬಯಲಿನ ತಗ್ಗು ಜಮೀನುಗಳಲ್ಲಿ ನೀರು ನಿಂತು ಚೌಳಾಗಿರುವುದು ಸಾಲದೇ? ಅದೇ ನೀರಿನಲ್ಲಿ ಇನ್ನೊಂದು ಕಂತು ಬೀಜ ನೋಡಬಹುದು, ಮೊಟ್ಟೆ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿದರೆ ಆಯಿತು.

ಮೊಟ್ಟೆ ಹಗುರಾಯಿತೇ?

ಈಗ ಒಂದು ಪ್ರಶ್ನೆ. ಹತ್ತನೇ ತರಗತಿ ಪಾಸಾದವರು, ಇಂಜಿನಿಯರಿಂಗ್ ಮುಗಿಸಿದವರು, ಎಲ್ಲರೂ ಉತ್ತರ ಹೇಳಿ ನೋಡೋಣ. ಉಪ್ಪು ಹಾಕಿದ ಮೇಲೆ ಮೊಟ್ಟೆ ಯಾಕೆ ತೇಲಿತು? ಅದು ಹಗುರಾಯಿತೇ?

ಇಲ್ಲ ಸ್ವಾಮಿ! ಮೊಟ್ಟೆಗೆ ಏನೂ ಆಗಿಲ್ಲ. ಮೊದಲು 55 ಗ್ರಾಂ ಇದ್ದರೆ ಈಗಲೂ 55 ಗ್ರಾಂ. ಬದಲಾದದ್ದು ನೀರು.

ಲೆಕ್ಕ ಹಾಕಿ. ಆ ಮೊಟ್ಟೆ ಹಿಡಿಯುವ ಜಾಗ ಸುಮಾರು 51 ಘನ ಸೆಂಟಿಮೀಟರ್ ಎನ್ನಿ. ನೀರಿನೊಳಗೆ ಮುಳುಗಿದಾಗ ಅಷ್ಟು ನೀರನ್ನು ಅದು ಪಕ್ಕಕ್ಕೆ ತಳ್ಳುತ್ತದೆ. ಹಾಗೆ ತಳ್ಳಿದ ನೀರಿನ ತೂಕ ಎಷ್ಟೋ ಅಷ್ಟೇ ಬಲದಿಂದ ನೀರು ಮೊಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಸಿರಾಕ್ಯೂಸಿನ ಆರ್ಕಿಮಿಡೀಸ್ ಕಂಡುಕೊಂಡ ನಿಯಮ ಇದೇ. ಬರಿಯ ನೀರಾದರೆ 51 ಘನ ಸೆಂಟಿಮೀಟರ್ ಎಂದರೆ 51 ಗ್ರಾಂ. ಮೊಟ್ಟೆಯೋ 55 ಗ್ರಾಂ. ನಾಲ್ಕು ಗ್ರಾಂ ಸಾಲದಾಯಿತು, ಮೊಟ್ಟೆ ಮುಳುಗಿತು.

ಈಗ ಉಪ್ಪು ಹಾಕಿದಿರಿ. ಹತ್ತು ಲೀಟರ್ ನೀರಿಗೆ ಒಂದೂಕಾಲು ಕಿಲೋ ಕರಗಿಸಿದಿರಿ ಎನ್ನಿ. ಬಕೆಟ್‌ನಲ್ಲಿದ್ದ 10 ಕಿಲೋ ಈಗ 11.25 ಕಿಲೋ ಆಯಿತು. ಆದರೆ ಮಟ್ಟ ಎಷ್ಟು ಏರಿತು? ಅರ್ಧ ಲೀಟರಿಗೂ ಕಡಿಮೆ! ಉಪ್ಪು ನೀರಿನ ಕಣಗಳ ನಡುವೆ ಒತ್ತರಿಸಿಕೊಂಡು ಕೂತಿತು. ಹೊರೆ ಬಹಳ ಹೆಚ್ಚಿತು, ಜಾಗ ಸ್ವಲ್ಪವೇ ಹೆಚ್ಚಿತು. ಹೊರೆಯನ್ನು ಜಾಗದಿಂದ ಭಾಗಿಸಿದರೆ ಲೀಟರಿಗೆ ಸುಮಾರು 1.08 ಕಿಲೋ. ಇದನ್ನೇ ಪಠ್ಯಪುಸ್ತಕ ಸಾಂದ್ರತೆ ಎನ್ನುತ್ತದೆ. ಬಕೆಟ್‌ನಲ್ಲಿರುವ ವಸ್ತುವಿನ ಒಟ್ಟು ಮೊತ್ತವನ್ನು ದ್ರವ್ಯರಾಶಿ ಎನ್ನುತ್ತದೆ.

ಈಗ ಅದೇ 51ನ್ನು 1.08ರಿಂದ ಗುಣಿಸಿ. 55ಕ್ಕೆ ಒಂದು ಕೂದಲೆಳೆ ಹೆಚ್ಚು. ನೀರಿನ ಒತ್ತು ಮೊಟ್ಟೆಯ ತೂಕವನ್ನು ದಾಟಿತು, ಮೊಟ್ಟೆ ಮೇಲೆದ್ದಿತು! ಇನ್ನಷ್ಟು ಉಪ್ಪು ಹಾಕಿದರೆ ಇನ್ನಷ್ಟು ಹೊರಗೆ ಬರುತ್ತದೆ. ಭತ್ತದ ಕಾಳಿಗೂ ಇದೇ ನ್ಯಾಯ. ಒಳಗೆ ಅಕ್ಕಿ ತುಂಬಿದ ಕಾಳು ತನ್ನ ಗಾತ್ರದ ಉಪ್ಪುನೀರಿಗಿಂತ ಭಾರ, ಮುಳುಗುತ್ತದೆ. ಹೊಟ್ಟಿನೊಳಗೆ ಗಾಳಿ ಸೇರಿಕೊಂಡ ಅರೆಗಟ್ಟಿ ಕಾಳು ಬರಿಯ ನೀರಿಗಿಂತ ಭಾರ, ಉಪ್ಪುನೀರಿಗಿಂತ ಹಗುರ. ಅದಕ್ಕೇ ಬರಿಯ ನೀರಿನಲ್ಲಿ ಮುಳುಗಿದ್ದು ಇಲ್ಲಿ ತೇಲುತ್ತದೆ.

ಮೊಟ್ಟೆ ಹೊಸದೇ ಯಾಕಿರಬೇಕು? ದಿನ ಕಳೆದಂತೆ ಮೊಟ್ಟೆಯ ಚಿಪ್ಪಿನಿಂದ ತೇವ ಆರುತ್ತದೆ, ಒಳಗೆ ಗಾಳಿಯ ಗೂಡು ದೊಡ್ಡದಾಗುತ್ತದೆ. ಹಳೆಯ ಮೊಟ್ಟೆ ಉಪ್ಪೇ ಇಲ್ಲದ ನೀರಿನಲ್ಲೂ ತೇಲೀತು. ಅದನ್ನು ನಂಬಿದರೆ ಪರೀಕ್ಷೆಯೇ ಸುಳ್ಳು. ಅಳೆಯುವ ಸಾಧನವೇ ಜೊಳ್ಳಾದರೆ ಅಳತೆ ಗಟ್ಟಿಯಾಗುವುದು ಹೇಗೆ?

ಅಜ್ಜಿಯ ಕತೆಯಲ್ಲ

ಕೋಳಿಮೊಟ್ಟೆ ಅಂದ ತಕ್ಷಣ ಮೂಗು ಮುರಿಯುವವರಿದ್ದಾರೆ. ಇದು ಹಳ್ಳಿಯ ಮೂಢನಂಬಿಕೆ ಎನ್ನುವವರಿದ್ದಾರೆ. ಅಂಥವರು ಜಪಾನಿನ ಕಡೆ ನೋಡಲಿ. 1882ರಲ್ಲಿ ಫುಕುವೊಕಾದಲ್ಲಿದ್ದ ಕೃಷಿ ವಿಜ್ಞಾನಿ ಯೊಕೊಯಿ ತೊಕಿಯೋಶಿ ಇದೇ ಉಪ್ಪುನೀರಿನ ಬೀಜ ಆಯ್ಕೆಯನ್ನು ರೂಪಿಸಿದರು. ಅದು ಜಪಾನಿನ ಭತ್ತದ ರೈತರಲ್ಲಿ ಹರಡಿತು. ಮೊಟ್ಟೆಯ ಜಾಗದಲ್ಲಿ ಗಾಜಿನ ಸಾಂದ್ರತಾಮಾಪಕ ಬಂದರೂ ತತ್ವ ಬದಲಾಗಲಿಲ್ಲ. ಮೊಟ್ಟೆ ಎಂಬುದು ಬಡವರ ಸಾಂದ್ರತಾಮಾಪಕ, ಅಷ್ಟೇ. ತುಸು ಒರಟು ಅಳತೆ, ಆದರೆ ಕೆಲಸಕ್ಕೆ ಸಾಕು.

ಗಟ್ಟಿ ಕಾಳು ಬೇಕೇ ಬೇಕು, ಯಾಕೆ? ಭತ್ತದ ಮೊಳಕೆ ಬೇರು ಬಿಟ್ಟು ಎಲೆ ಬಿಚ್ಚಿ ತನ್ನ ಊಟ ತಾನು ಮಾಡಿಕೊಳ್ಳುವ ತನಕ ಅದಕ್ಕೆ ಬುತ್ತಿ ಕಾಳಿನೊಳಗಿನ ಅಕ್ಕಿಯೇ. ತುಂಬಿದ ಬುತ್ತಿ ಕಟ್ಟಿಕೊಂಡು ಹೊರಟ ಪೈರು ದಪ್ಪಗೆ, ಒಂದೇ ಸಮನಾಗಿ ಏಳುತ್ತದೆ. ಅರ್ಧ ಬುತ್ತಿಯದು ಸೊರಗುತ್ತದೆ, ಪಕ್ಕದ ಕಳೆಗೆ ಸೋಲುತ್ತದೆ. ರೋಗ ತಗುಲಿದ, ಹುಳು ಕೊರೆದ ಕಾಳುಗಳಲ್ಲೂ ಹೆಚ್ಚಿನವು ಹಗುರವೇ. ಅವೂ ತೇಲಿ ಹೊರಗೆ ಹೋಗುತ್ತವೆ. ಎಕರೆಗೆ 20-25 ಕಿಲೋ ಬಿತ್ತನೆ ಭತ್ತ ಬೇಕು. ಅಷ್ಟನ್ನು ನೋಡಲು ಒಂದು ಬೆಳಗಿನ ಹೊತ್ತು ಸಾಕು.

ಆದರೆ ಈ ಪರೀಕ್ಷೆಗೆ ಇಲ್ಲದ ಶಕ್ತಿಯನ್ನು ಅಂಟಿಸುವುದೂ ಬೇಡ. ಮುಳುಗಿದ್ದೆಲ್ಲ ಮೊಳೆಯುತ್ತದೆ ಎಂದೇನೂ ಇಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದು ಜೀವ ಹೋದ ಕಾಳೂ ತುಂಬಿಯೇ ಇರುತ್ತದೆ, ಮುಳುಗಿಯೇ ಮುಳುಗುತ್ತದೆ. ಆದ್ದರಿಂದ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ಎಂದು ನೋಡುವುದನ್ನು ಬಿಡಬಾರದು. ಪ್ರಮಾಣಿತ ಭತ್ತದ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ನೂರಕ್ಕೆ 80. ನಿಮ್ಮ ಮನೆಯ ಬೀಜವನ್ನೂ ಅದೇ ಗೆರೆಗೆ ಹಿಡಿದು ನೋಡಿ.

ರೈತ ಸಂಪರ್ಕ ಕೇಂದ್ರದಿಂದಲೋ ಅಂಗಡಿಯಿಂದಲೋ ತಂದ ಚೀಲದ ಬೀಜಕ್ಕೆ ಔಷಧಿ ಬಳಿದಿದ್ದರೆ ಉಪ್ಪುನೀರಿಗೆ ಹಾಕುವಂತಿಲ್ಲ. ಬಳಿದ ಔಷಧಿ ತೊಳೆದುಹೋಗುತ್ತದೆ, ನೀರೂ ವಿಷವಾಗುತ್ತದೆ. ಅಂಥ ಬೀಜದ ಜೊಳ್ಳನ್ನು ಕೋಳಿಗೋ ದನಕ್ಕೋ ಹಾಕುವುದಂತೂ ಕೂಡದು. ಈ ಪರೀಕ್ಷೆ ಮುಖ್ಯವಾಗಿ ಬೇಕಾಗಿರುವುದು ಮನೆಯಲ್ಲೇ ಎತ್ತಿಟ್ಟ ಬೀಜಕ್ಕೆ, ನೆಂಟರಿಂದ ಇಸಕೊಂಡು ಬಂದ ಬೀಜಕ್ಕೆ. ಅನುಮಾನ ಬಂದರೆ ಮಂಡ್ಯದ ವಿ.ಸಿ. ಫಾರಂ ಇದೆ. ಭತ್ತದ ಮೇಲೆ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರ. ಹೋಗಿ ಕೇಳಿ, ಕನ್ನಡದಲ್ಲೇ ಕೇಳಿ.

ಒಂದೇ ನಿಯಮ, ಹತ್ತು ಜಾಗ

ಇದು ಭತ್ತಕ್ಕೆ ಮಾತ್ರ ಎಂದುಕೊಳ್ಳಬೇಡಿ. ಕಣ್ಣು ಬಿಟ್ಟು ನೋಡಿದರೆ ಇದೇ ನಿಯಮ ಎಲ್ಲೆಲ್ಲೂ ಕೆಲಸ ಮಾಡುತ್ತಿದೆ.

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟದ ಡೇರಿ ಇದೆ. ಹಾಲಿನ ಪರೀಕ್ಷೆಗೆ ಬಳಸುವ ಲ್ಯಾಕ್ಟೋಮೀಟರ್ ಕೆಲಸ ಮಾಡುವುದು ಆ ಮೊಟ್ಟೆಯ ಲೆಕ್ಕದಲ್ಲೇ. ಒಳ್ಳೆಯ ಹಾಲು ನೀರಿಗಿಂತ ತುಸು ಭಾರ, ಲೀಟರಿಗೆ ಸುಮಾರು 1.03 ಕಿಲೋ. ನೀರು ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ, ಕೊಳವೆ ಆಳಕ್ಕೆ ಇಳಿಯುತ್ತದೆ. ಕಳ್ಳ ಏನು ಮಾಡುತ್ತಾನೆ? ನೀರು ಬೆರೆಸಿ, ಅದನ್ನು ಮುಚ್ಚಲು ಉಪ್ಪನ್ನೋ ಸಕ್ಕರೆಯನ್ನೋ ಹಾಕುತ್ತಾನೆ! ಕೊಳವೆ ಮತ್ತೆ ಮೇಲೇಳುತ್ತದೆ. ಅದಕ್ಕೇ ಡೇರಿಗಳು ಬರೀ ಕೊಳವೆಯನ್ನು ನಂಬದೆ ಕೊಬ್ಬನ್ನೂ ಅಳೆಯುತ್ತವೆ, ಕಲಬೆರಕೆಯನ್ನೂ ಬೇರೆಯಾಗಿ ಪರೀಕ್ಷಿಸುತ್ತವೆ. ಒಂದೇ ಅಳತೆಯನ್ನು ಕುರುಡಾಗಿ ನಂಬಿದರೆ ಮೋಸ ಹೋಗುತ್ತೇವೆ ಎಂಬ ಪಾಠವೂ ಇದರಲ್ಲಿದೆ.

ನಿಮ್ಮ ಬೀದಿಯ ಬ್ಯಾಟರಿ ಅಂಗಡಿಗೆ ಹೋಗಿ. ಮುಚ್ಚಳ ತೆರೆಯುವ ಬ್ಯಾಟರಿಯ ಆಸಿಡ್ಡನ್ನು ಗಾಜಿನ ಕೊಳವೆಗೆ ಎಳೆದು ಒಳಗಿನ ತೇಲು ಎಷ್ಟು ಮೇಲೆದ್ದಿದೆ ಎಂದು ಅಲ್ಲಿಯ ಹುಡುಗ ನೋಡುತ್ತಾನೆ. ಚಾರ್ಜ್ ತುಂಬಿದಾಗ ಸಾಂದ್ರತೆ 1.26ರ ಆಸುಪಾಸು, ಇಳಿದಾಗ ಅದಕ್ಕಿಂತ ಎಷ್ಟೋ ಕಡಿಮೆ. ಮದ್ದೂರಿನ ರೈತನ ಮೊಟ್ಟೆಯೂ ಬೆಂಗಳೂರಿನ ಮೆಕ್ಯಾನಿಕ್ಕಿನ ಕೊಳವೆಯೂ ಅಣ್ಣತಮ್ಮಂದಿರು.

ಪಣಂಬೂರಿನ ನವಮಂಗಳೂರು ಬಂದರಿಗೆ ಹೋದರೆ ಹಡಗಿನ ಪಕ್ಕೆಯ ಮೇಲೆ ಗೆರೆಗಳು ಕಾಣುತ್ತವೆ. ಸರಕು ತುಂಬಿದಾಗ ಎಲ್ಲಿಯವರೆಗೆ ಮುಳುಗಬಹುದು ಎಂಬ ಗೆರೆಗಳು. ಹೆಚ್ಚು ಹೇರಿ ಹಡಗು ಮುಳುಗಿಸುವವರ ವಿರುದ್ಧ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಬಡಿದಾಡಿದ್ದರಿಂದ 1876ರಲ್ಲಿ ಅಂಥ ಗೆರೆ ಅಲ್ಲಿ ಕಡ್ಡಾಯವಾಯಿತು. ಅವುಗಳಲ್ಲಿ ಸಿಹಿನೀರಿಗೆ ಒಂದು ಗೆರೆ, ಉಪ್ಪುನೀರಿಗೆ ಇನ್ನೊಂದು. ಕಡಲ ನೀರು ಲೀಟರಿಗೆ ಸುಮಾರು 1.025 ಕಿಲೋ. ನದಿಯಲ್ಲಿ ಹತ್ತು ಮೀಟರ್ ಮುಳುಗಿ ನಿಂತ ಪೆಟ್ಟಿಗೆಯಾಕಾರದ ಹಡಗು ಕಡಲಿಗೆ ಬಂದರೆ ಸುಮಾರು ಕಾಲು ಮೀಟರ್ ಮೇಲೇಳುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ಅನೇಕರು ಎಡವುವುದು ಇಲ್ಲೇ. ಕಡಲಿನಲ್ಲಿ ಹಡಗಿಗೆ ಸಿಗುವ ಒತ್ತು ಹೆಚ್ಚೇ? ಅಲ್ಲ! ತೇಲುತ್ತಿರುವ ವಸ್ತುವಿಗೆ ನೀರಿನ ಒತ್ತು ಯಾವಾಗಲೂ ಅದರ ತೂಕಕ್ಕೆ ಸಮ. ನದಿಯಲ್ಲೂ ಅಷ್ಟೇ, ಕಡಲಲ್ಲೂ ಅಷ್ಟೇ. ಉಪ್ಪುನೀರು ಗಟ್ಟಿಯಾದ್ದರಿಂದ ಅಷ್ಟೇ ಒತ್ತು ಪಡೆಯಲು ಕಡಿಮೆ ಮುಳುಗಿದರೆ ಸಾಕು. ಪೂರ್ತಿ ಮುಳುಗಿದ ವಸ್ತುವಿಗೆ ಮಾತ್ರ ಉಪ್ಪು ಹೆಚ್ಚಿದಂತೆ ಒತ್ತು ಹೆಚ್ಚುತ್ತದೆ. ಮೃತ ಸಮುದ್ರದಲ್ಲಿ ಜನ ನೀರಿನ ಮೇಲೆ ಮಲಗಿ ಪೇಪರ್ ಓದುವ ಫೋಟೋ ನೋಡಿದ್ದೀರಲ್ಲ, ಅಲ್ಲಿಯ ನೀರು ಲೀಟರಿಗೆ ಸುಮಾರು 1.24 ಕಿಲೋ. ಶಿಂಷೆ, ಕಾವೇರಿಯ ಸಿಹಿನೀರು ಹಾಗಲ್ಲ. ಈಜು ಬಾರದೆ ಇಳಿದರೆ ಅದು ನಿಮ್ಮನ್ನು ಎತ್ತಿ ಹಿಡಿಯುವುದಿಲ್ಲ, ನೆನಪಿರಲಿ.

ಮಾತು ನಮ್ಮಲ್ಲಿತ್ತು

ಈಗ ನಮ್ಮ ಪುಟದ ಮಾತಿಗೆ ಬರುತ್ತೇನೆ. ಸಾಂದ್ರತೆ ಎಂದರೇನು ಎಂದು ಕೇಳಿದರೆ ನಮ್ಮ ಮಕ್ಕಳು ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಒಂದು ಸೂತ್ರ ಒಪ್ಪಿಸುತ್ತಾರೆ. ಇದು ಬರೀ ಮಾಧ್ಯಮದ ಜಗಳವಲ್ಲ. ಕನ್ನಡದಲ್ಲೇ ಕಂಠಪಾಠ ಮಾಡಿದ ಮಗುವಿಗೂ ಮನೆಯ ಕಣದಲ್ಲಿ ಅಜ್ಜಿ ಮೊರದಿಂದ ತೂರುತ್ತಿದ್ದುದು ಅದೇ ಪಾಠ ಎಂದು ಯಾರೂ ತೋರಿಸಲಿಲ್ಲ. ಜೊಳ್ಳು, ಗಟ್ಟಿ, ಅರೆಗಟ್ಟಿ, ಹಗುರ, ಭಾರ... ಎಷ್ಟು ಮಾತು ನಮ್ಮಲ್ಲಿತ್ತು! ಒಂದೇ ಗಾತ್ರದ ಎರಡು ಕಾಳಿಗೆ ತೂಕ ಬೇರೆ ಬೇರೆ ಎಂಬ ತಿಳಿವು ಆ ಮಾತುಗಳೊಳಗೆ ಇತ್ತು. ಸಾಂದ್ರತೆ ಎಂಬ ಪದ ಬೇಡ ಎನ್ನುತ್ತಿಲ್ಲ, ಅದೂ ಬೇಕು. ಆದರೆ ಜೊಳ್ಳಿನಿಂದ ಶುರುಮಾಡಿ ಸಾಂದ್ರತೆಗೆ ಬನ್ನಿ. ಆಗ ಮಗುವಿಗೆ ಪದ ಹೊರೆಯಾಗುವುದಿಲ್ಲ, ಹತಾರವಾಗುತ್ತದೆ.

1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ನೂರು ವರ್ಷಕ್ಕೂ ಹಿಂದೆ! ಕನ್ನಡದಲ್ಲಿ ವಿಜ್ಞಾನ ಹೇಳಲಾಗದು ಎಂದು ಇವತ್ತಿಗೂ ಗೊಣಗುವವರಿಗೆ ಇಷ್ಟು ಉತ್ತರ ಸಾಕು. ಆದರೆ ಬೋರ್ಡು ಕನ್ನಡದಲ್ಲಿರಲಿ ಎಂದು ಕೂಗುವ ನಾವು, ಬೀಜದ ಪರೀಕ್ಷೆಯನ್ನು ಕನ್ನಡದಲ್ಲಿ ವಿವರಿಸಲು ಬಾರದಿದ್ದರೆ ನಮ್ಮ ಕೂಗೂ ತೇಲುವ ಜಾತಿಯದೇ ಆಗುತ್ತದೆ.

ಒಟ್ಲು ಕಾಯುವುದಿಲ್ಲ

ಇಷ್ಟೊಂದು ಗಲಾಟೆ ಒಂದು ಮೊಟ್ಟೆಗಾಗಿಯೇ ಎಂದು ಕೇಳಬೇಡಿ. ಗಲಾಟೆ ಮೊಟ್ಟೆಗಾಗಿ ಅಲ್ಲ, ನೀರಿಗಾಗಿ. ವಿಶ್ವೇಶ್ವರಯ್ಯ ನಾಲೆಯ ನೀರು ಮದ್ದೂರಿನ ಬಯಲಿಗೆ ಬಂದರೆ ಭತ್ತ, ಬಾರದಿದ್ದರೆ ಬೀಳು. 2023ರಲ್ಲಿ ಮಳೆ ಕೈಕೊಟ್ಟಾಗ ಕಾವೇರಿಗಾಗಿ ಮಂಡ್ಯ, ಮದ್ದೂರು ಬೀದಿಗಿಳಿದದ್ದು ನಿಮಗೆ ನೆನಪಿದೆ. ನೀವೂ ಘೋಷಣೆ ಕೂಗಿದಿರಿ. ಕಟ್ಟುಪದ್ಧತಿಯಲ್ಲಿ ನೀರು ಬಿಡುವ ವರ್ಷಗಳಲ್ಲಿ ರೈತನಿಗೆ ಸಿಗುವುದು ಒಂದೇ ಅವಕಾಶ. ಒಟ್ಲು ಕೆಟ್ಟು ಪೈರು ಸಾಲದಾದರೆ ಮತ್ತೆ ಬೀಜ, ಮತ್ತೆ ಮೂರು ನಾಲ್ಕು ವಾರ. ಅಷ್ಟರಲ್ಲಿ ನಾಲೆಯ ಸರದಿ ಮುಗಿದಿರುತ್ತದೆ, ನಾಟಿಯ ಹದ ಕಳೆದಿರುತ್ತದೆ. ಆ ನಷ್ಟ ಯಾವ ನ್ಯಾಯಮಂಡಳಿಯೂ ತುಂಬಿಕೊಡುವುದಿಲ್ಲ.

ಕಾವೇರಿ ನಮ್ಮದು ಎಂದು ಕೂಗುವುದು ಸರಿ, ಕೂಗೋಣ. ಆದರೆ ಬಂದ ಹನಿ ನೀರನ್ನು ಜೊಳ್ಳು ಬೀಜಕ್ಕೆ ಕುಡಿಸುವುದು ಯಾವ ಅಭಿಮಾನ? ಕಾವೇರಿಯ ಲೆಕ್ಕ ಟಿ.ಎಂ.ಸಿ.ಯಲ್ಲಿ ಕೇಳುವ ನಾವು ನಮ್ಮ ಗದ್ದೆಯ ಲೆಕ್ಕವನ್ನು ಕಾಳಿನಲ್ಲಿ ಕೇಳಬಾರದೇ?

ಅದಕ್ಕೇ ಕೇಳುತ್ತೇನೆ, ಗೆಳೆಯರೇ. ಜೂನ್, ಜುಲೈನಲ್ಲಿ ಊರಿನಲ್ಲಿ ಒಟ್ಲು ಹಾಕುವ ಹೊತ್ತಿಗೆ ಒಂದು ಭಾನುವಾರ ಊರಿಗೆ ಹೋಗಿ. ಅಪ್ಪನಿಗೆ ಪಾಠ ಹೇಳುವ ಧಾಟಿ ಬೇಡ. ಅವರಿಗೆ ಭತ್ತ ನಿಮಗಿಂತ ಚೆನ್ನಾಗಿ ಗೊತ್ತು. ಈ ಸಲ ಬೀಜ ನಾನು ನೋಡಿಕೊಡ್ತೀನಿ ಕಣಪ್ಪಾ ಎನ್ನಿ, ಅಷ್ಟು ಸಾಕು. ಬಕೆಟ್ ಇಡಿ, ಉಪ್ಪು ಕರಗಿಸಿ, ಮೊಟ್ಟೆ ಬಿಡಿ. ಕೇರಿಯ ಮಕ್ಕಳನ್ನು ಸುತ್ತ ಕೂರಿಸಿಕೊಳ್ಳಿ. ಮೊಟ್ಟೆ ಹಗುರಾಯಿತೋ ನೀರು ಗಟ್ಟಿಯಾಯಿತೋ ಎಂದು ಕೇಳಿ. ಅವರೇ ಜಗಳವಾಡಿ ಉತ್ತರ ಕಂಡುಕೊಳ್ಳಲಿ. ತೇಲಿದ ಕಾಳನ್ನು ಸುಲಿದು, ಮುಳುಗಿದ ಕಾಳನ್ನೂ ಸುಲಿದು, ಎರಡನ್ನೂ ಅವರ ಅಂಗೈ ಮೇಲೆ ಪಕ್ಕಪಕ್ಕದಲ್ಲಿ ಇಡಿ.

ಊರೇ ಇಲ್ಲದವರು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಬೇಸರ ಬೇಡ. ನಿಮ್ಮ ಬಡಾವಣೆಯ ಕನ್ನಡ ಶಾಲೆಗೆ ಹೋಗಿ ಮೇಷ್ಟ್ರ ಅಪ್ಪಣೆ ಕೇಳಿ ಇದನ್ನೇ ಮಾಡಿ ತೋರಿಸಿ. ನವೆಂಬರ್ ಒಂದಕ್ಕೆ ಆರ್ಕೆಸ್ಟ್ರಾಕ್ಕೆ ಸುರಿಯುವ ದುಡ್ಡಿನಲ್ಲಿ ಎಷ್ಟು ಶಾಲೆಗೆ ಎಷ್ಟು ಉಪ್ಪು, ಎಷ್ಟು ಮೊಟ್ಟೆ ಬರುತ್ತದೆ, ಲೆಕ್ಕ ಹಾಕಿ!

ಶಿವಪುರದಲ್ಲಿ ಅಂದು ಬಾವುಟ ಹಿಡಿದವರಲ್ಲಿ ಬಹುಪಾಲು ಹಳ್ಳಿಯ ಜನ. ಅವರ ಮೊಮ್ಮಕ್ಕಳ ಗದ್ದೆಗೆ ಈಗ ಬೇಕಾಗಿರುವುದು ಗಟ್ಟಿ ಬೀಜ, ಗಟ್ಟಿ ತಿಳಿವಳಿಕೆ. ಎರಡಕ್ಕೂ ಪರೀಕ್ಷೆ ಒಂದೇ: ಉಪ್ಪುನೀರಿಗೆ ಹಾಕಿ ನೋಡುವುದು. ಜೊಳ್ಳು ತಾನಾಗಿ ಮೇಲೆ ಬರುತ್ತದೆ, ಬಾಚಿ ಎಸೆಯಿರಿ. ತಳದಲ್ಲಿ ಉಳಿದದ್ದನ್ನು ಬಿತ್ತಿ.